ನೆರಳಿನ ನೀಲಿ

ಹಿಮದ ಚಿತ್ರ ಎದುರಾದರೆ ನಾನು ಮೊದಲು ಹುಡುಕುವುದು ನೆರಳನ್ನು. ಆ ಚಳಿ ಮೈ ಕೊರೆಯುವಂಥದ್ದೋ, ಬಿಸಿಲು ಕಾಯಿಸುವ ಆಸೆ ಹುಟ್ಟಿಸುವಂಥದ್ದೋ ಎಂಬ ಗುಟ್ಟು ಅಲ್ಲಿರುತ್ತದೆ.

ಕ್ಲೋದ್ ಮೊನೆ 1868–69ರ ಚಳಿಗಾಲದಲ್ಲಿ ಫ್ರಾನ್ಸಿನ ಎತ್ರೆತಾ ಬಳಿ ಬರೆದ ‘ಮ್ಯಾಗ್‌ಪೈ’ ಚಿತ್ರವನ್ನೇ ನೋಡಿ. ನಮ್ಮ ಮಲೆನಾಡಿನ ಉಣುಗೋಲನ್ನು ನೆನಪಿಸುವ ಮರದ ಗೇಟಿನ ಮೇಲೆ ಕಾಗೆ ವಂಶದ ಕಪ್ಪು–ಬಿಳುಪು ಹಕ್ಕಿಯೊಂದು ಕೂತಿದೆ. ಸೂರ್ಯ ಬೇಲಿಯಾಚೆ. ಬೇಲಿಯ ತಲೆಗೆ ಮೆತ್ತಿದ ಹಿಮಕ್ಕೆ ಕೆನೆಯ ತೆಳು ಹಳದಿ. ಈಚೆಗೆ, ನಮ್ಮತ್ತ ಚಾಚಿದ ನೆರಳಿಗೆ ನೀಲಿ, ಅದರೊಳಗೆ ಒಂದಿಷ್ಟು ನೇರಳೆ. ಬಿಸಿಲು ಬಿದ್ದ ಹಿಮ ಬಿಸಿಲಿನ ಬಣ್ಣ ತಳೆಯುತ್ತದೆ. ಬಿಸಿಲು ತಪ್ಪಿದ ಜಾಗಕ್ಕೆ ಬೆಳಕು ಕೊಡುವುದು ನೀಲಿ ಆಕಾಶ. ನೆರಳೆಂದರೆ ಕಂದು, ಕಪ್ಪು ಎಂಬ ರೂಢಿಯಿದ್ದ ಕಾಲದಲ್ಲಿ ಮೊನೆ ಕಣ್ಣಿಗೆ ಕಂಡದ್ದನ್ನೇ ಹಚ್ಚಿದ. 1869ರ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಚಿತ್ರ ಆಯ್ಕೆಯಾಗಲಿಲ್ಲ. ಇಂದು ಅದೇ ಊರಿನ ಓರ್ಸೆ ಸಂಗ್ರಹಾಲಯದಲ್ಲಿದೆ.

ಮೊನೆಯ ಚಿತ್ರಕ್ಕೂ ಸುಮಾರು 300 ವರ್ಷ ಹಿಂದೆ, 1565ರಲ್ಲಿ, ಪೀಟರ್ ಬ್ರೂಗಲ್ ಬರೆದ ‘ಹಿಮದಲ್ಲಿ ಬೇಟೆಗಾರರು’ ವಿಯೆನ್ನಾದಲ್ಲಿದೆ. ಅದರಲ್ಲಿ ಹುಡುಕಿದರೂ ಇಂಥ ನೆರಳು ಸಿಗದು. ಆಕಾಶಕ್ಕೂ ಹೆಪ್ಪುಗಟ್ಟಿದ ಕೊಳಗಳಿಗೂ ಒಂದೇ ಬಣ್ಣ: ಹಸಿರು ಬೆರೆತ ಬೂದಿ. ಮೂವರು ಬೇಟೆಗಾರರು ನಮಗೆ ಬೆನ್ನು ಮಾಡಿ ಹೆಜ್ಜೆ ಕೀಳುತ್ತಿದ್ದಾರೆ. ಹೆಗಲ ಮೇಲಿನ ಕೋಲಿಗೆ ಒಂದೇ ಒಂದು ನರಿ. ನಾಯಿಗಳೂ ಸೋತು ಜೋಲುಮುಖ ಹಾಕಿವೆ. ಎಡಗಡೆ ಮನೆಯ ಮುಂದೆ ಬೆಂಕಿ ಉರಿಯುತ್ತಿದೆ. ಅದರ ಕಿತ್ತಳೆಗೆ ಬೆರಳು ಅಡ್ಡ ಹಿಡಿದು ನೋಡಿ, ಚಿತ್ರದ ಅರ್ಧ ಚಳಿ ಇಳಿದುಹೋಗುತ್ತದೆ. ಬಿಸಿಯ ಬಣ್ಣ ಒಂದು ಚೂರಾದರೂ ಪಕ್ಕದಲ್ಲಿದ್ದರೇ ತಣ್ಣನೆಯ ಬಣ್ಣ ಕೊರೆಯುವುದು.

ಒಂದು ಚಿತ್ರದಲ್ಲಿ ತಿಳಿಯಾದ ಬೆಳಗಿನ ನೆಮ್ಮದಿ, ಇನ್ನೊಂದರಲ್ಲಿ ಮುಗಿಯದ ದಾರಿಯ ದಣಿವು. ಎರಡರಲ್ಲೂ ಹಿಮಕ್ಕೆ ಬಣ್ಣ ಕೊಟ್ಟದ್ದು ಆಕಾಶ.

ಇದನ್ನು ಪರೀಕ್ಷಿಸಲು ಹಿಮವೇ ಬೇಕೆಂದಿಲ್ಲ. ಮೋಡವಿಲ್ಲದ ಡಿಸೆಂಬರಿನ ಬೆಳಿಗ್ಗೆ, ನೀಲಿ ಅದ್ದದ ಬಿಳಿ ಪಂಚೆಯೊಂದನ್ನು ತಂತಿಗೆ ಹರವಿ, ಅದರ ಮಡಿಕೆಗಳನ್ನು ಎರಡು ನಿಮಿಷ ದಿಟ್ಟಿಸಿ. ಬಿಸಿಲಿನ ಮಗ್ಗುಲಲ್ಲಿ ಕೆನೆ, ನೆರಳಿನ ಮಗ್ಗುಲಲ್ಲಿ ಮೊನೆಯ ನೀಲಿ ಮೆಲ್ಲಗೆ ಕಾಣತೊಡಗುತ್ತದೆ. ಕುಂಚ ಹಿಡಿದ ಎಳೆಯರಿಗೆ ನನ್ನ ಮಾತು ಇಷ್ಟೇ: ಹಿಮ ಬರೆಯುವಾಗ ಬಿಳಿ ಟ್ಯೂಬಿನ ಮುಚ್ಚಳ ತಿರುಗಿಸುವ ಮುನ್ನ, ಅಂದಿನ ಆಕಾಶ ಯಾವುದೆಂದು ತೀರ್ಮಾನಿಸಿಕೊಳ್ಳಿ.