ತಪ್ಪು ಮಾತು ಮತ್ತು ನಗೆ: ಉಸಗಾಂವದಿಂದ ‘ಜಾಕೋಬ್ ಇ ದುಲ್ಸೆ’

ಮಡಗಾಂವದ ಫ್ರಾನ್ಸಿಸ್ಕೊ ಜುವಾಂವ್ ದ ಕೋಸ್ತಾ ‘ಜಿಪ್’ ಎಂಬ ಅಂಕಿತದಲ್ಲಿ ಬರೆದ ಪೋರ್ತುಗೀಜ ಹಾಸ್ಯ ಕಾದಂಬರಿ ‘ಜಾಕೋಬ್ ಇ ದುಲ್ಸೆ’ 1896ರಲ್ಲಿ ಪುಸ್ತಕವಾಯಿತು. ಮದುವೆಯ ಚೌಕಾಸಿ, ವರದಕ್ಷಿಣೆ, ಯುರೋಪಿನ ರೀತಿಗಳ ಕುರುಡು ಅನುಕರಣೆ ಅದರ ವಸ್ತು. ಕೊಂಕಣಿ ನಾಲಿಗೆಯಲ್ಲಿ ತೊಡರುವ ಪೋರ್ತುಗೀಜು ಅದರ ನಗೆಯ ದೊಡ್ಡ ಸೆಲೆ.

ಉಸಗಾಂವದ ಕನ್ನಡ ಮನೆಯ ವಿದ್ಯಾರ್ಥಿನಿಯೊಬ್ಬಳು ಇಂದು ಇದರ ಇಂಗ್ಲಿಷ್ ಅನುವಾದವನ್ನು ಕಂಡುಕೊಂಡರೆ ಎಲ್ಲಿ ನಕ್ಕಾಳು? ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ತರಗತಿಯಲ್ಲಿ ಮರಾಠಿಯೋ ಇಂಗ್ಲಿಷೋ ಆಡುವವಳಿಗೆ ಮಾತಿನ ತೊಡರು ಅನ್ಯರ ಕಥೆಯಲ್ಲ. ಜಿಪ್ ಗೇಲಿ ಮಾಡುವುದು ಪ್ರತಿಷ್ಠೆಗಾಗಿ ಎರವಲು ನುಡಿ ತೊಟ್ಟವರನ್ನು. ಹೊಟ್ಟೆಪಾಡಿಗಾಗಿ ಪರನುಡಿ ಕಲಿತವರಿಗೂ ಅದೇ ಪೆಟ್ಟು ತಗಲುವುದಲ್ಲವೇ ಎಂಬ ಆಕ್ಷೇಪ ಇಂಥ ಓದಿನಿಂದ ಹುಟ್ಟಬಲ್ಲದು. ಮಡಗಾಂವದ ಸಿರಿವಂತ ಓದುಗನಿಗೆ ಅದು ಹೊಳೆಯುವುದು ಕಷ್ಟ. (ಉಸಗಾಂವವಿರುವ ಫೋಂಡಾ ಸೀಮೆ ಹದಿನೆಂಟನೆಯ ಶತಮಾನದಲ್ಲಿ ಸೋಂದೆಯ ಅರಸರ ಕೈಯಲ್ಲಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು.)

ಪಕ್ಕದಲ್ಲಿ 1899ರ ‘ಇಂದಿರಾಬಾಯಿ’ಯನ್ನು ಇಟ್ಟರೆ ಆಕ್ಷೇಪ ಹರಿತವಾಗುತ್ತದೆ. ಮನೆಮಾತು ಕೊಂಕಣಿಯಾದ ಗುಲ್ವಾಡಿ ವೆಂಕಟರಾಯರು ಕನ್ನಡದಲ್ಲಿ ಬರೆದರು. ಅವರ ವ್ಯಂಗ್ಯದ ಮುಖ್ಯ ಗುರಿ ಕಪಟ ಸಂತರು, ಲಂಚಕೋರರು. ಎಂದರೆ ನಡತೆಯ ತಪ್ಪು, ನಾಲಿಗೆಯದಲ್ಲ. ಚುರುಕಿನಲ್ಲಿ ಜಿಪ್ ಮುಂದು, ಸಂದೇಹವಿಲ್ಲ. ಆದರೆ ಆ ವಿದ್ಯಾರ್ಥಿನಿ ಅಂಜದೆ ನಗಬಲ್ಲದ್ದು ಗುಲ್ವಾಡಿಯವರ ಪುಟಗಳಲ್ಲಿ.