ಗ್ವಾನಾಹ್ವಾತೊ: ಬಣ್ಣದ ಕೆಳಗಿನ ಕಲ್ಲು

ಮಧ್ಯ ಮೆಕ್ಸಿಕೊದ ಗ್ವಾನಾಹ್ವಾತೊ ನಗರಕ್ಕೆ ಹೋದವರು ಪಿಪಿಲಾ ಗುಡ್ಡ ಹತ್ತಿ, ಹಳದಿ, ಗುಲಾಬಿ, ನೀಲಿ ಮನೆಗಳ ಫೋಟೊ ತೆಗೆಯದೆ ಮರಳುವುದಿಲ್ಲ. ಚೆಲುವಾದ ನೋಟವೇ. ಆದರೆ ಸುಮಾರು 2000 ಮೀಟರ್ ಎತ್ತರದ ಈ ಇಕ್ಕಟ್ಟು ಕಣಿವೆಯಲ್ಲಿ ಊರು ಕಟ್ಟಿದವರ ಜಾಣ್ಮೆ, ಸೊಕ್ಕು, ಕ್ರೌರ್ಯ ಮೂರೂ ಅರ್ಥವಾಗಬೇಕಾದರೆ ಗುಡ್ಡ ಇಳಿದು ಕಲ್ಲಿನ ಹತ್ತಿರ ಹೋಗಬೇಕು.

ಇಲ್ಲಿನ ಸಿರಿಯೆಲ್ಲ ಬೆಳ್ಳಿಯದು. 18ನೇ ಶತಮಾನದ ಕೊನೆಗೆ ಜಗತ್ತಿನ ಅತಿ ಸಮೃದ್ಧ ಬೆಳ್ಳಿ ಗಣಿಗಳಲ್ಲೊಂದಾಗಿದ್ದ ವಲೆನ್ಸಿಯಾನಾ ಈ ಊರಿನ ನೆತ್ತಿಯ ಮೇಲಿದೆ. ಅದರ ಒಡೆಯ ಆಂತೊನಿಯೊ ದೆ ಒಬ್ರೆಗೊನ್ ಅಲ್ಲೇ ಕಟ್ಟಿಸಿದ ಸಾನ್ ಕಾಯೆತಾನೊ ಚರ್ಚು 1788ರಲ್ಲಿ ಪೂರ್ತಿಯಾಯಿತು. ಬಾಗಿಲಿನ ಸುತ್ತ ಕೆತ್ತನೆಯಿಲ್ಲದ ಗೇಣು ಜಾಗವೂ ಸಿಗದು. ಒಳಗೆ ಮೂರು ಬಲಿಪೀಠಗಳು ಚಿನ್ನದ ಲೇಪದಲ್ಲಿ ಚಾವಣಿಯತ್ತ ಏರಿವೆ. ಆ ಕುಶಲಕರ್ಮಿಗಳ ಕೈಗೆ ನನ್ನ ನಮಸ್ಕಾರ. ಕಟ್ಟಿಸಿದವನ ಭಕ್ತಿಯನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾರೆ. 1803ರಲ್ಲಿ ಇಲ್ಲಿಗೆ ಬಂದ ವಿಜ್ಞಾನಿ ಹಂಬೋಲ್ಟ್, ಅದಿರಿನ ಹೊರೆಯನ್ನು ಬೆನ್ನ ಮೇಲೆ ಹೊತ್ತು ಗಣಿಯ ಮೆಟ್ಟಿಲೇರುತ್ತಿದ್ದ ಕೂಲಿಗಳ ಬಗ್ಗೆ ಬರೆದಿದ್ದಾನೆ. ಚರ್ಚಿನ ಸಮೀಪದ ಸಾನ್ ರಾಮೊನ್ ಗಣಿಬಾಯಿಯೊಳಗೆ ಪ್ರವಾಸಿಗಳೂ ಇಳಿಯಬಹುದು. ಮೊದಲು ಅಲ್ಲಿಗೆ ಇಳಿದು, ಆಮೇಲೆ ಆ ಚಿನ್ನ ನೋಡುವುದು ನ್ಯಾಯ.

ನನ್ನ ಮಟ್ಟಿಗೆ ಊರಿನ ನಿಜವಾದ ಮಹಾಕಟ್ಟಡ ಅಲೊಂದಿಗಾ ದೆ ಗ್ರಾನಾದಿತಾಸ್. ಇದು ಒಂದು ಧಾನ್ಯದ ಉಗ್ರಾಣ. ಬರಗಾಲಕ್ಕೆಂದು ಮೆಕ್ಕೆಜೋಳ ಕೂಡಿಡಲು ಪ್ರಾಂತಾಧಿಕಾರಿ ರಿಯಾನ್ಯೊ ಕಟ್ಟಿಸಿದ್ದು, ಮುಗಿದದ್ದು 1809ರಲ್ಲಿ. ಹೊರಗೋಡೆಯಲ್ಲಿ ಅಲಂಕಾರವಿಲ್ಲ, ಎತ್ತರದಲ್ಲಿ ಪುಟ್ಟ ಕಿಟಕಿಗಳ ಸಾಲು ಅಷ್ಟೆ. ಒಳಗೆ ಕಾಲಿಟ್ಟರೆ ಎರಡು ಅಂತಸ್ತಿನ ಕಂಬಸಾಲಿನ ವಿಶಾಲ ಅಂಗಳ, ಧಾರಾಳ ಬೆಳಕು. ಇಂಥ ಸಂಯಮ ಆ ಕಾಲದ ಗಣಿ ಶ್ರೀಮಂತರ ಕಟ್ಟಡಗಳಲ್ಲಿ ಅಪರೂಪ. ಮುಗಿದ ಮರುವರ್ಷವೇ, ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದ ಪಾದ್ರಿ ಇದಾಲ್ಗೊನ ಬಂಡಾಯದ ಪಡೆ ಊರಿಗೆ ನುಗ್ಗಿದಾಗ, ರಿಯಾನ್ಯೊ ಸ್ಪ್ಯಾನಿಷ್ ಕುಟುಂಬಗಳನ್ನೂ ಖಜಾನೆಯನ್ನೂ ಈ ಉಗ್ರಾಣದೊಳಗೆ ಸೇರಿಸಿಕೊಂಡ. ಊರಿನ ಬಡವರು ಹೊರಗುಳಿದರು. ಹಸಿದವರಿಗಾಗಿ ಎದ್ದ ಗೋಡೆ ಹೀಗೆ ಹಣವಂತರ ಕೋಟೆಯಾಯಿತು. 1810ರ ಸೆಪ್ಟೆಂಬರ್ 28ರಂದು ಅದು ಬಿತ್ತು, ರಿಯಾನ್ಯೊ ಸತ್ತ, ಒಳಗಿದ್ದವರ ಮಾರಣಹೋಮ ನಡೆಯಿತು. ಮರುವರ್ಷ ಬಂಡಾಯದ ಮುಂದಾಳುಗಳಾದ ಇದಾಲ್ಗೊ, ಅಯೆಂದೆ, ಅಲ್ದಾಮಾ, ಹಿಮೆನೆಸ್ ಈ ನಾಲ್ವರ ತಲೆಗಳನ್ನು ಇದೇ ಕಟ್ಟಡದ ನಾಲ್ಕು ಮೂಲೆಗಳಲ್ಲಿ ಪಂಜರದಲ್ಲಿಟ್ಟು ನೇತುಹಾಕಿದರು. 1821ರವರೆಗೆ ಅವು ಅಲ್ಲೇ ಇದ್ದವು. ಆಮೇಲೆ ಸೆರೆಮನೆಯಾಗಿ, ಈಗ ವಸ್ತುಸಂಗ್ರಹಾಲಯವಾಗಿರುವ ಈ ಕಟ್ಟಡಕ್ಕೆ ಇಷ್ಟೆಲ್ಲ ಹೊರುವ ಗಾಂಭೀರ್ಯವಿದೆ. ಮೆಟ್ಟಿಲ ಗೋಡೆಗಳಲ್ಲಿ ಕಲಾವಿದ ಚಾವೆಸ್ ಮೊರಾದೊ ಬಿಡಿಸಿದ ಭಿತ್ತಿಚಿತ್ರಗಳನ್ನೂ ನಿಂತು ನೋಡಬೇಕು.

1903ರಲ್ಲಿ ಅಧ್ಯಕ್ಷ ಪೊರ್ಫಿರಿಯೊ ದಿಯಾಸ್ ಸಮ್ಮುಖದಲ್ಲಿ ತೆರೆದ ಹ್ವಾರೆಸ್ ರಂಗಮಂದಿರಕ್ಕೆ ಹೆಚ್ಚು ಮಾತು ಬೇಡ. ಮುಂದೆ ಗ್ರೀಕ್ ಕಂಬ, ಮೇಲೆ ಕಲಾದೇವಿಯರ ಪ್ರತಿಮೆಗಳು, ಒಳಗೆ ಮೂರಿಷ್ ಅಲಂಕಾರ. ಕೆಲಸ ಅಚ್ಚುಕಟ್ಟು, ಆದರೆ ಈ ಬೆಟ್ಟಕ್ಕೂ ಅದಕ್ಕೂ ನಂಟಿಲ್ಲ.

ನಂಟು ಇರುವುದು ನೆಲದಡಿಯ ರಸ್ತೆಗೆ. ಗ್ವಾನಾಹ್ವಾತೊ ನದಿ ಊರ ನಡುವೆಯೇ ಹರಿಯುತ್ತಿತ್ತು, ಪದೇಪದೇ ಉಕ್ಕುತ್ತಿತ್ತು. 1905ರ ಪ್ರವಾಹ ಘೋರವಾಗಿತ್ತು. ನೀರನ್ನು ಸುರಂಗದ ಮೂಲಕ ಬೇರೆಡೆಗೆ ತಿರುಗಿಸಿದ ಮೇಲೆ, 1960ರ ದಶಕದಲ್ಲಿ ಬರಿದಾದ ನದೀಪಾತ್ರವೇ ವಾಹನಗಳ ದಾರಿಯಾಯಿತು. ಹಳೆಯ ಸೇತುವೆಗಳ ಕಮಾನು, ಮನೆಗಳ ಅಡಿಪಾಯದ ಕಲ್ಲು, ನಡುನಡುವೆ ಮೇಲಿನ ಬೀದಿಗೇರುವ ಮೆಟ್ಟಿಲು, ಬಸ್ ನಿಲ್ದಾಣ ಎಲ್ಲವೂ ಅಲ್ಲಿವೆ. ಹೊಗೆಯ ವಾಸನೆ ಗಂಟಲು ಹಿಡಿಯುತ್ತದೆ, ಅದು ನಿಜವಾದ ಕೊರತೆ. ಆದರೂ ಮೇಲಿನ ಓಣಿಗಳು ಇಂದಿಗೂ ನಡೆಯುವವರ ಪಾಲಿಗೆ ಉಳಿದಿರುವುದಕ್ಕೆ ಈ ರಸ್ತೆ ದೊಡ್ಡ ಕಾರಣ. ಅಗಲಿಸಲು ಒಂದು ಬೀದಿಯ ಮನೆಗಳನ್ನು ಕೆಡವಿದ್ದರೂ, 1988ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಊರು ಹೀಗಿರುತ್ತಿರಲಿಲ್ಲ.

ಒಂದೇ ದಿನ ಇರುವವರು ರಂಗಮಂದಿರವನ್ನು ಹೊರಗಿನಿಂದಲೇ ನೋಡಿ. ಉಳಿದ ಹೊತ್ತನ್ನು ಅಲೊಂದಿಗಾಕ್ಕೆ ಕೊಡಿ, ಅಲ್ಲಿಂದ ನಡೆದುಕೊಂಡೇ ಹಳೆಯ ನದಿಯ ದಾರಿಗೆ ಇಳಿಯಿರಿ.