ಹಾರ್ಡಿಯ ಮೇಲೆ ತಿಕೋಟಾದ ತಕರಾರು

ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು ಇಂಗ್ಲಿಷ್ ಸಾಹಿತ್ಯ ಓದುವ ಹುಡುಗ-ಹುಡುಗಿಯರು ಥಾಮಸ್ ಹಾರ್ಡಿಯ ಬಗ್ಗೆ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾರೆ: ‘ಭಾಳ ಚಲೋ ಬರದಾನ್ರೀ ಸರ್, ಆದ್ರ ಇಷ್ಟ್ಯಾಕ ಅಳಸ್ತಾನ?’ ಇದನ್ನು ಎಳಸು ಮಾತೆಂದು ತಳ್ಳಿಹಾಕುವ ಪ್ರಾಧ್ಯಾಪಕರಿದ್ದಾರೆ. ನನಗಂತೂ ಇದು ಒಳ್ಳೆಯ ವಿಮರ್ಶೆ ಅನಿಸುತ್ತದೆ.

ಅಳು ಈ ಸೀಮೆಗೆ ಹೊಸದೇನಲ್ಲ. ಮೊಹರಂ ಬಂತೆಂದರೆ ಹಿಂದೂ, ಮುಸ್ಲಿಂ ಎನ್ನದೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವ ನಾಡಿದು. ಇಮಾಮ್ ಹುಸೇನರು ಉಳಿಯುವುದಿಲ್ಲವೆಂದು ಕೂಸಿಗೂ ಗೊತ್ತು; ಆದರೂ ವರ್ಷಾ ವರ್ಷಾ ಕೇಳುತ್ತಾರೆ. ಅಲ್ಲಿ ಅಳಲು ಊರೇ ಜೊತೆಗಿರುತ್ತದೆ, ಅನ್ಯಾಯ ಯಾರದೆಂಬ ಗೊಂದಲವೂ ಇಲ್ಲ. ಹಾರ್ಡಿಯನ್ನಾದರೆ ಹಾಸ್ಟೆಲ್ ಕೋಣೆಯಲ್ಲಿ ಗೈಡು ಮಗ್ಗುಲಲ್ಲಿಟ್ಟುಕೊಂಡು ಒಬ್ಬರೇ ಓದಬೇಕು. ತಪ್ಪು ಯಾರದಪ್ಪಾ ಎಂದರೆ ಆತ ಮುಗಿಲ ಕಡೆ ಬೊಟ್ಟು ಮಾಡುತ್ತಾನೆ.

ಹಾಗಂತ ಆತ ಹೊರಗಿನವನೂ ಅಲ್ಲ. 1874ರ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ನಲ್ಲಿ ಎಳೆ ನಾಯಿಯೊಂದು ಕುರಿಹಿಂಡನ್ನು ಅಟ್ಟಿಕೊಂಡು ಹೋಗಿ ಕಡಿದಾದ ಅಂಚಿನಿಂದ ಕೆಡವುತ್ತದೆ, ಬೆಳಗಾಗುವಷ್ಟರಲ್ಲಿ ಗೇಬ್ರಿಯಲ್ ಓಕ್ ದಿವಾಳಿ. ಮುಂದೆ ಸುಗ್ಗಿಯ ರಾತ್ರಿ ಗುಡುಗು-ಮಿಂಚು. ಯಜಮಾನಿ ಬಾತ್‌ಷೀಬಾಳ ಗಂಡ ಟ್ರಾಯ್ ಆಳುಗಳಿಗೆಲ್ಲ ಬ್ರಾಂಡಿ ಕುಡಿಸಿ, ತಾನೂ ಕುಡಿದು ಬಿದ್ದಿರುವಾಗ ಓಕ್ ಬಣವಿ ಏರಿ ತೆನೆ ಮುಚ್ಚುತ್ತಾನೆ. ಕತ್ತಲಲ್ಲಿ ಬಾತ್‌ಷೀಬಾ ಬಂದು ಕೈಜೋಡಿಸುತ್ತಾಳೆ. ಒಣದ್ರಾಕ್ಷಿ ಶೆಡ್ಡಿಗೆ ತಾಡಪತ್ರಿ ಬಿಗಿಯುತ್ತ ಅಕಾಲಿಕ ಮಳೆಗೆ ಹೆದರಿದ ಮನೆಯವರಿಗೆ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಕಿಲ್ಲ.

1891ರ ‘ಟೆಸ್’ನಲ್ಲೂ ಅಷ್ಟೇ. ರಾತ್ರಿ ಹೊತ್ತು ಟಪಾಲು ಗಾಡಿ ಬಡಿದು ಮನೆಯ ಕುದುರೆ ಸಾಯುತ್ತದೆ, ದುಡಿಮೆ ನಿಲ್ಲುತ್ತದೆ, ಮಗಳು ಟೆಸ್ ಸಿರಿವಂತರ ಮನೆಗೆ ಹೋಗಬೇಕಾಗುತ್ತದೆ. ಎತ್ತು ಸತ್ತರೆ ಏನಾಗುತ್ತದೆಂದು ಬಲ್ಲವರು ಇದನ್ನು ಒಪ್ಪುತ್ತಾರೆ. ಒಪ್ಪದಿರುವುದು ಮದುವೆಗೆ ಮುಂಚೆ ಟೆಸ್ ತನ್ನ ಕಥೆಯೆಲ್ಲ ಹೇಳಿ ಏಂಜೆಲ್‌ಗೆ ಬರೆದ ಪತ್ರ ಜಮಖಾನೆಯ ಕೆಳಗೆ ಸೇರಿಕೊಳ್ಳುವುದನ್ನು. ನಿಜಕ್ಕೂ ಅದು ಬೇಕಿರಲೇ ಇಲ್ಲ. ಮದುವೆಯ ರಾತ್ರಿ ಗಂಡ ಏಂಜೆಲ್ ತನ್ನ ಹಳೆಯ ತಪ್ಪು ಹೇಳಿಕೊಳ್ಳುತ್ತಾನೆ, ಅವಳು ಕ್ಷಮಿಸುತ್ತಾಳೆ. ಅವಳು ತನ್ನದನ್ನು ಹೇಳುತ್ತಾಳೆ, ಅವನು ಬಿಟ್ಟು ಹೋಗುತ್ತಾನೆ. ದುರಂತಕ್ಕೆ ಇಷ್ಟು ಸಾಲದೆ? 1895ರ ‘ಜೂಡ್’ನಲ್ಲಿ ಮಕ್ಕಳ ಸಾವಂತೂ ಲೇಖಕನ ಹಟವೇ ಸರಿ. ಅದಾದ ಮೇಲೆ, 1928ರವರೆಗೆ ಬದುಕಿದ್ದರೂ, ಹಾರ್ಡಿ ಕಾದಂಬರಿ ಬರೆಯಲಿಲ್ಲ.

ಕನ್ನಡದಲ್ಲಿ ರಾವಬಹಾದ್ದೂರರ ‘ಗ್ರಾಮಾಯಣ’ವೂ (1957) ಕತ್ತಲ ಕಾದಂಬರಿಯೇ. ಆದರೆ ಅಲ್ಲಿ ಊರನ್ನು ತಿನ್ನುವುದು ಊರವರದೇ ದುರಾಸೆ, ಜಗಳ, ಚಾಡಿ. ನಮ್ಮ ಓದುಗ ಅದನ್ನು ತಕರಾರಿಲ್ಲದೆ ನುಂಗುತ್ತಾನೆ.

ಇನ್ನು ಸಿನಿಮಾದ ಮಾತು. ‘ಟೆಸ್’ ಹಿಂದಿಯಲ್ಲಿ 1967ರಷ್ಟು ಹಿಂದೆಯೇ ನೂತನ್ ಅಭಿನಯದ ‘ದುಲ್ಹನ್ ಏಕ್ ರಾತ್ ಕೀ’ ಆಗಿ ಬಂದಿತ್ತು. 1979ರಲ್ಲಿ ಪೋಲನ್‌ಸ್ಕಿ ತೆಗೆದದ್ದು ನೋಡಲು ಚೆಂದ, ತುಸು ಹೆಚ್ಚೇ ಚೆಂದ. ಮೈಕೆಲ್ ವಿಂಟರ್‌ಬಾಟಮ್ 2011ರ ‘ತೃಷ್ಣಾ’ದಲ್ಲಿ ಕಥೆಯನ್ನು ರಾಜಸ್ಥಾನಕ್ಕೆ ತಂದ. ಕುದುರೆಯ ಜಾಗಕ್ಕೆ ಅಪ್ಪನ ಜೀಪು ಬಂತು, ಸರಿಯಾಗಿಯೇ ಕೂತಿತು. ಆದರೆ ಟೆಸ್‌ಳನ್ನು ಕೆಡಿಸಿದ ಅಲೆಕ್, ಕೈಬಿಟ್ಟ ಏಂಜೆಲ್ ಇಬ್ಬರನ್ನೂ ಒಬ್ಬನೇ ಶ್ರೀಮಂತ ಹುಡುಗನನ್ನಾಗಿ ಮಾಡಿದ್ದು ದೊಡ್ಡ ನಷ್ಟ. ಇಲ್ಲಿನ ಹೆಣ್ಣುಮಕ್ಕಳಿಗೆ ಅಲೆಕ್‌ಗಿಂತ ಏಂಜೆಲ್ ಮೇಲೇ ಸಿಟ್ಟು ಜಾಸ್ತಿ. ಆ ಸಿಟ್ಟು ಹಾಯಿಸಲು ಚಿತ್ರದಲ್ಲಿ ಆಸಾಮಿಯೇ ಇಲ್ಲ.